ಅಂದು ಆ್ಯಪಲ್ ಷೇರು ಕೊಂಡಿದ್ದರೆ ಇಂದು ಕೋಟ್ಯಧಿಪತಿ: ಈ ಫಾರ್ವರ್ಡ್ ಎಷ್ಟು ನಿಜ?

‘ಐಫೋನ್ ಕೊಳ್ಳಬೇಡಿ, ಆ್ಯಪಲ್ ಷೇರು ಕೊಳ್ಳಿ. ಶುರುವಿನಲ್ಲಿ 100 ಷೇರು ಕೊಂಡವರು ಇಂದು ಕೋಟ್ಯಧಿಪತಿಗಳು!’ ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಈ ಲೆಕ್ಕ ಸರಿಯೇ? ಸರಿಯಾದರೆ, ಈಗ ಕೊಂಡವರಿಗೂ ಹಾಗೇ ಆಗುತ್ತದೆಯೇ? ಬನ್ನಿ, ನೋಡೋಣ.

ಲೆಕ್ಕ ಸರಿಯಾಗಿಯೇ ಇದೆ

ಆ್ಯಪಲ್ ಷೇರುಪೇಟೆಗೆ ಬಂದದ್ದು 1980ರ ಡಿಸೆಂಬರ್‌ನಲ್ಲಿ. ಆಗ ಒಂದು ಷೇರಿನ ಬೆಲೆ 22 ಡಾಲರ್. ಆಮೇಲೆ ಕಂಪನಿ ಐದು ಬಾರಿ ಷೇರುಗಳನ್ನು ವಿಭಜಿಸಿತು. ರೊಟ್ಟಿಯನ್ನು ಹೆಚ್ಚು ತುಂಡು ಮಾಡಿದ ಹಾಗೆ: ತುಂಡುಗಳು ಹೆಚ್ಚುತ್ತವೆ, ರೊಟ್ಟಿ ಅಷ್ಟೇ ಇರುತ್ತದೆ. ಹೀಗೆ ಅಂದಿನ ಒಂದು ಷೇರು ಇಂದು 224 ಷೇರು. ಒಂದಕ್ಕೆ 200 ಡಾಲರ್ ಎಂದಿಟ್ಟುಕೊಂಡರೂ, 2,200 ಡಾಲರ್ ಕೊಟ್ಟು ಕೊಂಡ 100 ಷೇರು 44.8 ಲಕ್ಷ ಡಾಲರ್ ಆಗುತ್ತದೆ.

ಫಾರ್ವರ್ಡ್ ಹೇಳದ ಅರ್ಧ ಕಥೆ

1997ರಲ್ಲಿ ಆ್ಯಪಲ್ ದಿವಾಳಿಯ ಅಂಚಿನಲ್ಲಿತ್ತು. ಪ್ರತಿಸ್ಪರ್ಧಿ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹೂಡಿತು. ಆ್ಯಪಲ್ ನನ್ನದಾಗಿದ್ದರೆ ಮುಚ್ಚಿ, ಷೇರುದಾರರಿಗೆ ಹಣ ಹಿಂದಿರುಗಿಸುತ್ತಿದ್ದೆ ಎಂದು ಡೆಲ್ ಕಂಪನಿಯ ಮೈಕೆಲ್ ಡೆಲ್ ಅದೇ ವರ್ಷ ಹೇಳಿದ್ದರು. 2000ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಷೇರು ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಅಂದು ನಿಮ್ಮ ಕೈಯಲ್ಲಿ ಆ ಷೇರು ಇದ್ದಿದ್ದರೆ ಮಾರದೆ ಇರುತ್ತಿದ್ದಿರಾ?

ಇನ್ನೊಂದು ಮಾತು. ಭಾರತದ ಸಾಮಾನ್ಯ ಜನ ವಿದೇಶಿ ಷೇರುಗಳಲ್ಲಿ ಹಣ ಹೂಡಲು ದಾರಿಯಾದ ರಿಸರ್ವ್ ಬ್ಯಾಂಕಿನ ಯೋಜನೆ ಬಂದದ್ದೇ 2004ರಲ್ಲಿ.

ಉಳಿದ ಕಂಪನಿಗಳು ಏನಾದವು?

1990ರ ದಶಕದಲ್ಲಿ ಜೋರಾಗಿ ಓಡುತ್ತಿದ್ದದ್ದು ಡೆಲ್ ಷೇರು. 2000ರ ಮಾರ್ಚ್‌ನಲ್ಲಿ ಅದು 50 ಡಾಲರ್ ದಾಟಿತ್ತು. 2013ರಲ್ಲಿ ಕಂಪನಿ ಪೇಟೆಯಿಂದ ಹೊರಬಂದಾಗ ಷೇರುದಾರರಿಗೆ ಸಿಕ್ಕಿದ್ದು ಷೇರಿಗೆ 13.75 ಡಾಲರ್. ಕಾಮೊಡೋರ್ 1994ರಲ್ಲಿ ದಿವಾಳಿಯಾಯಿತು. ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯೊಂದಿಗೆ ವಿಲೀನವಾಯಿತು. 2005ರಲ್ಲಿ ಐಬಿಎಂ ತನ್ನ ಪಿಸಿ ವ್ಯವಹಾರವನ್ನು ಲೆನೊವೊಗೆ ಮಾರಿತು. ಗೇಟ್‌ವೇ 2007ರಲ್ಲಿ ಏಸರ್ ಪಾಲಾಯಿತು.

ಇವುಗಳ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಗೆದ್ದವರ ಕಥೆ ಮಾತ್ರ ಉಳಿದು, ಸೋತವರು ಲೆಕ್ಕದಿಂದ ಬಿಟ್ಟುಹೋಗುವುದಕ್ಕೆ ‘ಸರ್ವೈವರ್‌ಶಿಪ್ ಬಯಾಸ್’ ಎನ್ನುತ್ತಾರೆ. ಲಾಟರಿ ಗೆದ್ದವನ ಫೋಟೊ ಪೇಪರಿನಲ್ಲಿ ಬರುತ್ತದೆ, ಸೋತವರದು ಬರುವುದಿಲ್ಲವಲ್ಲ, ಹಾಗೆ.

ಹೀಗೇಕೆ ಆಗುತ್ತದೆ?

ಇಂಟೆಲ್ ಚಿಪ್, ಮೈಕ್ರೋಸಾಫ್ಟ್ ವಿಂಡೋಸ್ ಯಾವ ಕಂಪನಿಗಾದರೂ ಸಿಗುತ್ತಿದ್ದವು. ಎಲ್ಲರ ಕಂಪ್ಯೂಟರೂ ಹೆಚ್ಚುಕಡಿಮೆ ಒಂದೇ ಆದಾಗ ಪೈಪೋಟಿ ಬೆಲೆಯಲ್ಲಿ ನಡೆಯುತ್ತದೆ, ಲಾಭ ಕರಗುತ್ತದೆ. ಆ್ಯಪಲ್ ಗೆದ್ದದ್ದು ಬರೀ ಕಂಪ್ಯೂಟರ್ ಕಂಪನಿಯಾಗಿ ಉಳಿಯದೆ. 2007ರಲ್ಲಿ ಐಫೋನ್ ತೋರಿಸಿದ ದಿನವೇ ಅದು ತನ್ನ ಹೆಸರಿನಿಂದ ‘ಕಂಪ್ಯೂಟರ್’ ಪದವನ್ನು ತೆಗೆದುಹಾಕಿತು. 1980ರಲ್ಲಿ ಷೇರು ಕೊಂಡ ಯಾರಿಗೂ ಇದು ಗೊತ್ತಿರಲಿಲ್ಲ.

ಹಾಗಾದರೆ ಕೊಳ್ಳಲೇಬಾರದೇ?

ನಾವು ಹಾಗೆ ಹೇಳುತ್ತಿಲ್ಲ. ಒಳ್ಳೆಯ ಫೋನು ಮಾಡುವ ಕಂಪನಿ ಎಂಬುದು ಷೇರು ಕೊಳ್ಳಲು ಸಾಕಾಗುವ ಕಾರಣವಲ್ಲ. ಅದರ ಒಳ್ಳೆಯತನ ಎಲ್ಲರಿಗೂ ಗೊತ್ತಿರುವುದರಿಂದ ಇಂದಿನ ಬೆಲೆಯಲ್ಲೇ ಅದು ಸೇರಿರುತ್ತದೆ. ಕೇಳಬೇಕಾದ ಪ್ರಶ್ನೆಗಳು ಇವು: ಲಾಭಕ್ಕೆ ಹೋಲಿಸಿದರೆ ಬೆಲೆ ಎಷ್ಟು? ಆದಾಯಕ್ಕೆ ಒಂದೇ ಸರಕನ್ನು ನೆಚ್ಚಿಕೊಂಡಿದೆಯೇ? ಬೆಲೆ ಅರ್ಧಕ್ಕಿಳಿದರೂ ನಮ್ಮ ಮನೆ ನಡೆಯುತ್ತದೆಯೇ?

ಇಂಥ ಸಂದೇಶದ ಕೊನೆಯಲ್ಲಿ ‘ಮುಂದಿನ ಆ್ಯಪಲ್’ ತಿಳಿಯಲು ಗ್ರೂಪ್ ಸೇರಿ ಎಂಬ ಲಿಂಕ್ ಇದ್ದರೆ ಎಚ್ಚರ. ಷೇರಿನಲ್ಲಿ ಖಚಿತ ಲಾಭದ ಭರವಸೆ ಕೊಡಲು ಸೆಬಿ ನಿಯಮ ಯಾರಿಗೂ ಅವಕಾಶ ಕೊಡುವುದಿಲ್ಲ. ಸಲಹೆಗಾರರು ನೋಂದಾಯಿತರೇ ಎಂಬುದನ್ನು ಸೆಬಿ ವೆಬ್‌ಸೈಟಿನಲ್ಲೇ ನೋಡಬಹುದು.

ನಮ್ಮ ತೀರ್ಮಾನ: ಲೆಕ್ಕ ನಿಜ, ಅದರಿಂದ ಹೇಳಹೊರಟ ಪಾಠ ದಾರಿತಪ್ಪಿಸುವಂಥದ್ದು. ಫಾರ್ವರ್ಡ್ ಒತ್ತುವ ಮುನ್ನ ಯೋಚಿಸಿ. ಅದನ್ನು ನಂಬಿ ನಿವೃತ್ತಿಯ ಹಣ ಹಾಕುವವರು ನಿಮ್ಮ ಗ್ರೂಪಿನಲ್ಲೇ ಇರಬಹುದು.