ಸರಕು ವಾಹನದ ಹಿಂದಿನ ಅಚ್ಚು: ಎಣ್ಣೆ ಬದಲಾವಣೆ ಮತ್ತು ನಡುಕದ ನಿವಾರಣೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುವ ರೈತನಿರಲಿಲ್ಲ. ಮರೆತರೂ ಒಣಗಿದ ಅಚ್ಚು ಕಿರುಗುಟ್ಟಿ ತಾನೇ ನೆನಪು ಮಾಡುತ್ತಿತ್ತು. ಇಂದು ಹೊಸಕೋಟೆ, ನೆಲಮಂಗಲಗಳ ತರಕಾರಿ, ದೊಡ್ಡಬಳ್ಳಾಪುರದ ಹೂವು, ದೇವನಹಳ್ಳಿಯ ದ್ರಾಕ್ಷಿ ಮತ್ತು ಚಕ್ಕೋತ ರಾತ್ರೋರಾತ್ರಿ ಪಿಕಪ್, ಟೆಂಪೋಗಳಲ್ಲಿ ಬೆಂಗಳೂರಿನ ಮಾರುಕಟ್ಟೆ ಸೇರುತ್ತವೆ. ಈ ವಾಹನಗಳ ಹಿಂದಿನ ಅಚ್ಚು ಉಕ್ಕಿನ ಕವಚದೊಳಗೆ ಇರುವುದರಿಂದ ಅದರ ಎಣ್ಣೆ ಕಡಿಮೆಯಾದರೂ, ಕೆಟ್ಟರೂ ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ಎಣ್ಣೆಯನ್ನು ತಪ್ಪದೆ ಬದಲಾಯಿಸುವವರೂ ಅಚ್ಚಿನ ಎಣ್ಣೆಯನ್ನು ಮರೆಯುವುದುಂಟು. ಮುಂದೆ ನಡುಕ ಕಾಣಿಸಿಕೊಂಡಾಗ ಗಾಬರಿಯಿಂದ ಕ್ರೌನ್ ಬಿಚ್ಚಿಸುತ್ತಾರೆ. ಬಿಚ್ಚಿಸುವ ಮುನ್ನ ಎರಡು ಕೆಲಸ ಮಾಡಬೇಕು: ಎಣ್ಣೆಯನ್ನು ಪರೀಕ್ಷಿಸಬೇಕು, ನಡುಕ ಯಾವ ಸಮಯದಲ್ಲಿ ಬರುತ್ತದೆಂದು ಗಮನಿಸಬೇಕು. ಎಷ್ಟೋ ವೇಳೆ ದೋಷ ಇಷ್ಟರಲ್ಲೇ ತಿಳಿಯುತ್ತದೆ.

ಡಿಫರೆನ್ಷಿಯಲ್ ಏಕೆ ಬೇಕು?

ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಎರಡು ಗಾಲಿಗಳೂ ತಮ್ಮಷ್ಟಕ್ಕೆ ತಾವು ಉರುಳುತ್ತವೆ. ಮೋಟಾರು ವಾಹನದಲ್ಲಿ ಎಂಜಿನ್ನಿನ ಶಕ್ತಿ ಅಚ್ಚಿನ ಮೂಲಕವೇ ಗಾಲಿಗೆ ಬರಬೇಕು. ಆದರೆ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಸಾಗುತ್ತದೆ. ಗಾಲಿಗಳ ನಡುವೆ 1.4 ಮೀಟರ್ ಅಂತರವಿದ್ದರೆ, ರಸ್ತೆಯ ಮೂಲೆಯಲ್ಲಿ ಒಮ್ಮೆ ಪೂರ್ತಿ ಬಲಕ್ಕೆ ತಿರುಗುವಾಗ ಹೊರಗಾಲಿ ಸುಮಾರು 2.2 ಮೀಟರ್ ಹೆಚ್ಚು ಉರುಳಬೇಕು. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್.

ಎಂಜಿನ್ನಿನಿಂದ ಬರುವ ಉದ್ದ ಶಾಫ್ಟಿನ ತುದಿಯಲ್ಲಿ ಚಿಕ್ಕ ಪಿನಿಯನ್, ಅದಕ್ಕೆ ಕೂಡಿಕೊಂಡು ದೊಡ್ಡ ಕ್ರೌನ್ ಚಕ್ರ ಇರುತ್ತವೆ. ಹಲವು ವಾಹನಗಳಲ್ಲಿ ಪಿನಿಯನ್ನನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂಡಿಸಿರುತ್ತಾರೆ. ಇದಕ್ಕೆ ಹೈಪಾಯಿಡ್ ಜೋಡಣೆ ಎಂದು ಹೆಸರು. ಇದರಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರೀ ಒತ್ತಡದಲ್ಲಿ ಜಾರುತ್ತವೆ ಕೂಡ. ಸಾಮಾನ್ಯ ಎಣ್ಣೆಯ ಪದರ ಆ ಒತ್ತಡಕ್ಕೆ ಹರಿದುಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ.

ಎಣ್ಣೆಯ ಆಯ್ಕೆ

ಈ ಕಾರಣದಿಂದ ಹೈಪಾಯಿಡ್ ಅಚ್ಚಿಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿದ ಗೇರ್ ಎಣ್ಣೆ ಬೇಕು. ಡಬ್ಬಿಯ ಮೇಲೆ ‘ಜಿ.ಎಲ್.-5’ ಎಂಬ ಗುರುತಿರುತ್ತದೆ. ‘ಜಿ.ಎಲ್.-4’ ಎಣ್ಣೆಯಲ್ಲಿ ಈ ರಕ್ಷಕ ವಸ್ತುಗಳು ಕಡಿಮೆ. ಅದು ಮುಖ್ಯವಾಗಿ ಗೇರ್‌ಬಾಕ್ಸಿಗೆ ಬಳಕೆಯಾಗುತ್ತದೆ. ಗೇರ್‌ಬಾಕ್ಸಿನಿಂದ ಉಳಿದ ಎಣ್ಣೆಯನ್ನು ಅಚ್ಚಿಗೆ ಸುರಿಯಬಾರದು. ಅಚ್ಚಿನ ಎಣ್ಣೆಯನ್ನು ಗೇರ್‌ಬಾಕ್ಸಿಗೂ ಹಾಕಬಾರದು; ಅಲ್ಲಿನ ಹಿತ್ತಾಳೆಯ ಉಂಗುರಗಳಿಗೆ ಹಾನಿಯಾಗಬಹುದು.

‘80ಡಬ್ಲ್ಯು-90’, ‘85ಡಬ್ಲ್ಯು-140’ ಮುಂತಾದ ಅಂಕಿಗಳು ಎಣ್ಣೆಯ ಮಂದತೆಯನ್ನು ಸೂಚಿಸುತ್ತವೆ. ಎಂಜಿನ್ ಎಣ್ಣೆಯ ಅಂಕಿಗೂ ಗೇರ್ ಎಣ್ಣೆಯ ಅಂಕಿಗೂ ಅಳತೆಗೋಲು ಬೇರೆ. 90ರ ಗೇರ್ ಎಣ್ಣೆ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ ಮಂದ. ಮಂದವಾದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ವಾಹನದ ಕೈಪಿಡಿಯಲ್ಲಿ ಹೇಳಿದ ಅಂಕಿ ಮತ್ತು ದರ್ಜೆಯನ್ನೇ ಕೊಳ್ಳಬೇಕು.

ಎಣ್ಣೆ ಬದಲಾಯಿಸುವ ಕ್ರಮ

1. ವಾಹನವನ್ನು ಎಂಟು ಹತ್ತು ಕಿಲೋಮೀಟರ್ ಓಡಿಸಿ ಎಣ್ಣೆ ಬೆಚ್ಚಗಾಗಲಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಅಥವಾ ಮರದ ಅಡ್ಡೆ ಕೊಡಬೇಕು. ಜಾಕಿಯೊಂದನ್ನೇ ನಂಬಿ ವಾಹನದ ಕೆಳಗೆ ಎಂದೂ ನುಗ್ಗಬಾರದು.

2. ತುಂಬುವ ಬಿರಡೆಯ ಸುತ್ತ ಮಣ್ಣು ಒರೆಸಿ, ಮೊದಲು ಅದನ್ನೇ ಬಿಚ್ಚಬೇಕು. ಕೆಳಗಿನ ಬಿರಡೆ ಬಿಚ್ಚಿ ಎಣ್ಣೆ ಸುರಿದುಹೋದ ಮೇಲೆ ಮೇಲಿನದು ಬರದಿದ್ದರೆ ವಾಹನ ಅಲ್ಲೇ ನಿಲ್ಲುತ್ತದೆ.

3. ಅಗಲವಾದ ಬಾಣಲೆ ಇಟ್ಟು ಕೆಳಗಿನ ಬಿರಡೆ ತೆಗೆದು, 15ರಿಂದ 20 ನಿಮಿಷ ಎಣ್ಣೆ ಪೂರ್ತಿ ಇಳಿಯಲು ಬಿಡಬೇಕು.

4. ಅಚ್ಚಿನ ಮೇಲಿರುವ ಬ್ರೀದರ್, ಅಂದರೆ ಗಾಳಿ ಹೊರಹೋಗುವ ಕಿಂಡಿಯನ್ನು ಶುಚಿ ಮಾಡಬೇಕು. ಇದು ಕಟ್ಟಿಕೊಂಡರೆ ಒಳಗೆ ಕಾದ ಗಾಳಿ ಎಣ್ಣೆಯನ್ನು ಸೀಲುಗಳ ಮೂಲಕ ಹೊರದಬ್ಬುತ್ತದೆ. ಆ ಎಣ್ಣೆ ಬ್ರೇಕ್ ಲೈನಿಂಗಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಹೊರೆ ತುಂಬಿದ ವಾಹನಕ್ಕೆ ಇದು ಪ್ರಾಣಾಪಾಯ. ಎಣ್ಣೆ ಕುಡಿದ ಲೈನಿಂಗನ್ನು ಒರೆಸಿ ಬಳಸದೆ, ಸೀಲಿನ ಜೊತೆ ಬದಲಾಯಿಸಬೇಕು.

5. ಹೊಸ ವಾಷರ್ ಹಾಕಿ ಕೆಳಗಿನ ಬಿರಡೆ ಬಿಗಿದು, ಮೇಲಿನ ತೂತಿನ ಅಂಚಿಗೆ ಬಂದು ತುಳುಕುವವರೆಗೆ ಹೊಸ ಎಣ್ಣೆ ತುಂಬಬೇಕು. ಸ್ವಲ್ಪ ದೂರ ಓಡಿಸಿ ಸೋರಿಕೆ ಇದೆಯೇ ಎಂದು ನೋಡಬೇಕು.

ಹಳೆಯ ಎಣ್ಣೆಯನ್ನು ಬಾವಿ, ಚರಂಡಿ, ಹೊಲಗಳಿಗೆ ಚೆಲ್ಲಬಾರದು. ದನಗಳ ಗಾಯಕ್ಕೂ ಹಚ್ಚಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಬಳಸಿದ ಎಣ್ಣೆ ಅಧಿಕೃತ ಮರುಶುದ್ಧೀಕರಣದವರಿಗೆ ಸೇರಬೇಕು. ಡಬ್ಬಿಯಲ್ಲಿ ಶೇಖರಿಸಿ, ಅವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡುವುದು ಸೂಕ್ತ.

ಹಳೆಯ ಎಣ್ಣೆ ಹೇಳುವ ಸಂಗತಿ

ಬಿರಡೆಯ ಅಯಸ್ಕಾಂತಕ್ಕೆ ನುಣುಪಾದ ಬೂದು ಬಣ್ಣದ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಸಿಗುವ ಚೂರು, ಹಲ್ಲಿನ ತುಂಡು ಕಂಡರೆ ಮಾತ್ರ ಕ್ರೌನ್ ಬಿಚ್ಚಿಸಲೇಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ್ದು ಓದುಗರಿಗೆ ನೆನಪಿರಬಹುದು. ಓಡಿ ಬಿಸಿಯಾದ ಅಚ್ಚು ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲುಗಳ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಕೋಡಿ ಬಿದ್ದ ಕೆರೆಯ ಹಳ್ಳ ದಾಟಿದ ವಾಹನಕ್ಕೂ ಇದೇ ಗತಿ. ಅಚ್ಚು ಮುಳುಗಿದ್ದರೆ ಕಿಲೋಮೀಟರ್ ಲೆಕ್ಕ ನೋಡದೆ ಎಣ್ಣೆ ಪರೀಕ್ಷಿಸಿ, ನೀರು ಕಂಡರೆ ಕೂಡಲೇ ಬದಲಾಯಿಸಬೇಕು.

ನಡುಕ ಯಾವಾಗ ಬರುತ್ತದೆ?

ಹೊರಡುವಾಗ ಮಾತ್ರ: ಕ್ಲಚ್ ಪ್ಲೇಟು, ಎಂಜಿನ್ನಿನ ರಬ್ಬರು ಆಧಾರ, ಅಚ್ಚನ್ನು ಸ್ಪ್ರಿಂಗ್ ಪಟ್ಟಿಗೆ ಕಟ್ಟಿದ ಯು-ಬೋಲ್ಟುಗಳನ್ನು ನೋಡಬೇಕು. ಸಡಿಲವಾದ ಬೋಲ್ಟನ್ನು ಬಿಗಿದರೆ ಸಾಕಾಗುವ ಸಂದರ್ಭಗಳುಂಟು.

ಬ್ರೇಕ್ ಒತ್ತಿದಾಗ ಮಾತ್ರ: ಡ್ರಮ್ಮು ಡೊಂಕಾಗಿರಬಹುದು, ಇಲ್ಲವೇ ಲೈನಿಂಗಿಗೆ ಎಣ್ಣೆ ತಾಗಿರಬಹುದು.

ಹಿಂದಕ್ಕೂ ಮುಂದಕ್ಕೂ ಗೇರ್ ಬದಲಿಸಿದಾಗ ‘ಟಕ್’ ಎಂದರೆ: ಮೊದಲು ಶಾಫ್ಟಿನ ಜಾಯಿಂಟ್ ಕ್ರಾಸ್ ಸವೆದಿದೆಯೇ ಪರೀಕ್ಷಿಸಬೇಕು.

ವೇಗದೊಡನೆ ಏರುವ ಗುಂಯ್‌ಗುಡುವಿಕೆ: ಆಕ್ಸಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆಯಾದರೆ ಕ್ರೌನ್-ಪಿನಿಯನ್ ಹೊಂದಾಣಿಕೆ ತಪ್ಪಿರಬಹುದು. ಎರಡರಲ್ಲೂ ಒಂದೇ ಬಗೆಯಾದರೆ ಬೇರಿಂಗ್ ಮೇಲೆ ಸಂಶಯ ಪಡಬೇಕು.

ನಿಧಾನವಾಗಿ ತಿರುಗುವಾಗ ಮಾತ್ರ: ಸಾಮಾನ್ಯ ಡಿಫರೆನ್ಷಿಯಲ್ ಆದರೆ ಒಳಗಿನ ಚಿಕ್ಕ ಚಕ್ರ, ವಾಷರುಗಳು ಸವೆದಿರಬಹುದು. ಒಂದು ಗಾಲಿ ಕೆಸರಿನಲ್ಲಿ ಜಾರದಂತೆ ಕ್ಲಚ್ ತಟ್ಟೆಗಳನ್ನು ಅಳವಡಿಸಿದ ‘ಲಿಮಿಟೆಡ್ ಸ್ಲಿಪ್’ ಮಾದರಿಯಾದರೆ ದೋಷ ಎಣ್ಣೆಯದೇ ಇರಬಹುದು. ತಟ್ಟೆಗಳು ಮೆತ್ತಗೆ ಜಾರುವ ಬದಲು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಇದಕ್ಕೆ ಘರ್ಷಣೆ ಹದಗೊಳಿಸುವ ವಸ್ತು ಬೆರೆಸಿದ ‘ಎಲ್.ಎಸ್.’ ಗುರುತಿನ ಎಣ್ಣೆ ಬೇಕು. ಎಣ್ಣೆ ಬದಲಿಸಿದ ನಂತರ ಬಯಲಿನಲ್ಲಿ ನಿಧಾನವಾಗಿ ಎಂಟರ ಅಂಕಿಯ ಆಕಾರದಲ್ಲಿ ಎಂಟು ಹತ್ತು ಸುತ್ತು ಓಡಿಸಿದರೆ ಹೊಸ ಎಣ್ಣೆ ತಟ್ಟೆಗಳ ನಡುವೆ ಸೇರುತ್ತದೆ. ಆಗಲೂ ನಡುಕ ನಿಲ್ಲದಿದ್ದರೆ ತಟ್ಟೆಗಳನ್ನು ಬಿಚ್ಚಿ ನೋಡಬೇಕು. ಎರಡು ಹಿಂಗಾಲಿಗಳ ಟೈರಿನ ಅಳತೆ, ಸವೆತ, ಗಾಳಿ ಒಂದೇ ಸಮ ಇರುವುದೂ ಮುಖ್ಯ.

ಟ್ರ್ಯಾಕ್ಟರಿನಲ್ಲಿ

ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿರುವ ಹಲವು ಟ್ರ್ಯಾಕ್ಟರುಗಳಲ್ಲಿ ಗೇರ್, ಡಿಫರೆನ್ಷಿಯಲ್, ಬ್ರೇಕ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಣ್ಣೆ. ಇದಕ್ಕೆ ತಯಾರಕರು ಸೂಚಿಸಿದ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಎಣ್ಣೆಯೇ ಆಗಬೇಕು. ಪಿಕಪ್ಪಿನ ಎಣ್ಣೆ ಸುರಿದರೆ ಬ್ರೇಕ್ ಒತ್ತಿದಾಗ ಅಚ್ಚು ಕಿರುಚಿ ನಡುಗಬಹುದು. ಡಿಫರೆನ್ಷಿಯಲ್ ಲಾಕನ್ನು ನೇರ ಸಾಲಿನಲ್ಲಿ ಮಾತ್ರ ಬಳಸಿ, ತಿರುಗುವ ಮುನ್ನ ಬಿಡಬೇಕು.

ತರಕಾರಿ ಹೇರಿದ ವಾಹನ ನಡುರಾತ್ರಿ ಹೆದ್ದಾರಿಯಲ್ಲಿ ನಿಂತರೆ ಆ ದಿನದ ಬೆಳೆಗೆ ಬೆಲೆಯಿಲ್ಲ. ಎಣ್ಣೆ ಬದಲಿಸಿದ ದಿನಾಂಕ, ಕಿಲೋಮೀಟರ್, ಎಣ್ಣೆಯ ದರ್ಜೆ ಇವನ್ನು ಪುಸ್ತಕದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಅಚ್ಚಿನ ಕೆಳಗೆ ಬಗ್ಗಿ, ಗಾಲಿಯ ಒಳಬದಿಯಲ್ಲಿ ಎಣ್ಣೆಯ ಪಸೆ ಇದೆಯೇ ನೋಡಿ. ಅಪ್ಪ ಅಜ್ಜಂದಿರು ಗಾಡಿ ಕಟ್ಟುವ ಮುನ್ನ ಮಾಡುತ್ತಿದ್ದುದೂ ಇದೇ ಕೆಲಸ.