ತಲೆಕೆಳಗಾದ ಪುಟ್ಟ ನಳಿಕೆ

ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಮತ್ತು ಕರುಳಿನಲ್ಲಿ ಸಹಜವಾಗಿಯೇ ಇರುವ ಕೋಲೈ, ಸೂಕ್ಷ್ಮದರ್ಶಕದ ಕೆಳಗೆ ಎರಡೂ ಗಿಡ್ಡ ಕಡ್ಡಿಗಳೇ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇವುಗಳ ಗುರುತು ಹಚ್ಚುವುದು ವೈದ್ಯರಿಗೆ ದೊಡ್ಡ ತಲೆನೋವಾಗಿತ್ತು. ನೋಟ ಒಂದೇ ಆದರೂ ಊಟದ ರೀತಿ ಬೇರೆ: ಗ್ಲೂಕೋಸ್ ಕೊಟ್ಟರೆ ಕೋಲೈ ಆಮ್ಲದ ಜೊತೆಗೆ ಅನಿಲವನ್ನೂ ಬಿಡುತ್ತದೆ, ಟೈಫಾಯ್ಡಿನದು ಆಮ್ಲ ಮಾತ್ರ.

ಆ ಅನಿಲವನ್ನು ಹಿಡಿಯಲು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಬಾಗಿದ ಗಾಜಿನ ನಳಿಕೆ ಬಳಸುತ್ತಿದ್ದರು. ಅದನ್ನು ಬೇರೆಯಾಗಿಯೇ ಮಾಡಿಸಬೇಕಿತ್ತು. 1898ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಡರ್ಹಮ್ ಸಾಮಾನ್ಯ ಪರೀಕ್ಷಾ ನಳಿಕೆಯೊಳಗೆ ಪುಟ್ಟ ನಳಿಕೆಯೊಂದನ್ನು ಬೋರಲು ಹಾಕಿದರು. ಹಾಕುವಾಗ ಅದರೊಳಗೆ ಗಾಳಿಯೇ ತುಂಬಿರುತ್ತದೆ. ಕಾಯಿಸಿ ಸೋಂಕು ಕಳೆಯುವಾಗ ಗಾಳಿ ಹಿಗ್ಗಿ ಹೊರಬೀಳುತ್ತದೆ. ಆರಿದಂತೆ ಬ್ರಾತ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಸಕ್ಕರೆ ಬೆರೆತ ದ್ರವ, ಒಳಕ್ಕೆ ಏರುತ್ತದೆ. ಆಮೇಲೆ ಅಲ್ಲಿ ಕಾಣುವ ಗುಳ್ಳೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ್ದೇ. ಇಷ್ಟು ಸರಳವಾದ ಉಪಾಯ ನೂರಿಪ್ಪತ್ತೈದು ವರ್ಷ ದಾಟಿಯೂ ಬಾಳುತ್ತಿರುವುದು ನನಗೆ ಇವತ್ತಿಗೂ ಬೆರಗು.

ಡರ್ಹಮ್ 1900ರಲ್ಲಿ ಹಳದಿ ಜ್ವರದ ಅಧ್ಯಯನಕ್ಕೆ ಬ್ರೆಜಿಲ್‌ಗೆ ಹೋದರು. ಅವರಿಗೂ ಜೊತೆಗಾರ ವಾಲ್ಟರ್ ಮೈಯರ್ಸ್‌ಗೂ ಅದೇ ಜ್ವರ ಬಂತು. ಮೈಯರ್ಸ್ ಉಳಿಯಲಿಲ್ಲ. 1905ರಿಂದ ಡರ್ಹಮ್ ಹೆರೆಫರ್ಡ್‌ನ ಬುಲ್ಮರ್ ಕಂಪನಿಯಲ್ಲಿ ಸೇಬಿನ ಮದ್ಯದ ಹುದುಗುವಿಕೆಯನ್ನು ನೋಡಿಕೊಂಡರು.

ಇಂದು ಬ್ರಾತ್‌ಗೆ ಫೀನಾಲ್ ರೆಡ್ ಎಂಬ ಸೂಚಕ ಬಣ್ಣ ಸೇರಿಸುವುದು ರೂಢಿ. ಆಮ್ಲ ಹೆಚ್ಚಿದರೆ ಕೆಂಪು ಹೋಗಿ ಹಳದಿ ಬರುತ್ತದೆ. ಹಳದಿಯೂ ಗುಳ್ಳೆಯೂ ಇದ್ದರೆ ಆಮ್ಲ ಮತ್ತು ಅನಿಲ. ಬರೀ ಹಳದಿಯಾದರೆ ಆಮ್ಲವಷ್ಟೇ. ಕೆಂಪು ಹಾಗೆಯೇ ಉಳಿದಿದ್ದರೆ ಮೊದಲು ಬ್ರಾತ್ ಕದಡಿದೆಯೇ ಎಂದು ನೋಡಬೇಕು. ತಿಳಿಯಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದೇ ಇಲ್ಲ, ಆ ನಳಿಕೆ ಯಾವ ಉತ್ತರವನ್ನೂ ಕೊಡದು. ಬಣ್ಣ ಬದಲಾಗದೆ ಗುಳ್ಳೆ ಮಾತ್ರ ಕಂಡರೆ, ಮೊದಲೇ ಉಳಿದಿದ್ದ ಗಾಳಿ ಇರಬಹುದು. ಬ್ಯಾಕ್ಟೀರಿಯಾ ಹಾಕದ ನಳಿಕೆಯೊಂದನ್ನು ಪಕ್ಕದಲ್ಲಿಡುವುದು ಇದಕ್ಕೇ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಹೊತ್ತಿನ ವಿಷಯದಲ್ಲಿ. ಸಕ್ಕರೆ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾ ಬ್ರಾತ್‌ನಲ್ಲಿರುವ ಪ್ರೋಟೀನ್ ಮೂಲದ ಪೆಪ್ಟೋನ್‌ಗೆ ಕೈಹಾಕಿ ಅಮೋನಿಯಾ ಬಿಡುತ್ತವೆ, ಹಳದಿ ಮತ್ತೆ ಕೆಂಪಾಗುತ್ತದೆ. ತಡವಾಗಿ ಬಂದು ನೋಡಿದವರು ‘ಹುದುಗಿಲ್ಲ’ ಎಂದು ಬರೆದುಬಿಡುತ್ತಾರೆ. ಅದಕ್ಕೇ ಮೊದಲ ಓದು 18ರಿಂದ 24 ಗಂಟೆಯೊಳಗೆ ಆಗಬೇಕು.

ಕುಡಿಯುವ ನೀರಿನ ಪರೀಕ್ಷೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಲ್ಯಾಕ್ಟೋಸ್ ಇರುವ ಮೆಕಾಂಕಿ ಬ್ರಾತ್. ಗುಳ್ಳೆಗಾಗಿ 48 ಗಂಟೆಯವರೆಗೂ ಕಾಯುತ್ತಾರೆ. ಕಂಡರೂ ಅದು ಶಂಕೆ ಅಷ್ಟೇ, ಮಲದ ಕೋಲೈ ಎಂದು ಹೇಳುವ ಮೊದಲು 44 ಡಿಗ್ರಿ ಶಾಖದಲ್ಲಿ ಇನ್ನೊಮ್ಮೆ ಬೆಳೆಸಿ ನೋಡಬೇಕು.