ನಡುದಾರಿಯಲ್ಲಿ ನಿಲ್ಲುವ ಜೀಪು

ವೈದ್ಯನ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಜ್ವರ ಬಿಟ್ಟುಹೋಗಿರುವ ರೋಗಿಯನ್ನು ಪರೀಕ್ಷಿಸುವುದು ಬಹು ಕಷ್ಟ. ನಾಡಿ ಸರಿಯಾಗಿದೆ, ನಾಲಗೆ ಶುಭ್ರವಾಗಿದೆ, ಮೈ ತಣ್ಣಗಿದೆ. ರೋಗ ಮಾತ್ರ ಎಲ್ಲಿಯೋ ಅಡಗಿ ಕುಳಿತಿದೆ. ಯಂತ್ರಗಳಿಗೂ ಇಂಥ ರೋಗಗಳುಂಟು. ಸಂಪೂರ್ಣವಾಗಿ ಕೆಟ್ಟುಹೋದ ಎಂಜಿನನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಕೆಟ್ಟ ಭಾಗ ಕೆಟ್ಟೇ ಇರುವುದರಿಂದ ಹುಡುಕಿದರೆ ಸಿಕ್ಕುತ್ತದೆ. ಒಂದು ಗಂಟೆ ಸರಾಗವಾಗಿ ಓಡಿ, ಇದ್ದಕ್ಕಿದ್ದಂತೆ ನಿಂತು, ಅರ್ಧ ಗಂಟೆಯ ಬಳಿಕ ಏನೂ ನಡೆಯಲಿಲ್ಲವೆಂಬಂತೆ ಮತ್ತೆ ಹೊರಡುವ ಎಂಜಿನಿನ ವಿಚಾರವೇ ಬೇರೆ. ಮೆಕ್ಯಾನಿಕ್ಕನ ಮುಂದೆ ಅದು ನಿರ್ದೋಷಿಯಂತೆ ನಡೆದುಕೊಳ್ಳುತ್ತದೆ. ಇಂಥ ದೋಷವನ್ನು ಪತ್ತೆಹಚ್ಚುವ ಬಗೆ ಹೇಗೆಂಬುದನ್ನು ಹಳೆಯ ಪೆಟ್ರೋಲು ಜೀಪಿನ ನಿದರ್ಶನದಿಂದ ಇಲ್ಲಿ ವಿವೇಚಿಸೋಣ.

ಜೀಪು ಯುದ್ಧದ ಕೂಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರ ವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದುವು. ಯುದ್ಧ ಮುಗಿದ ಮೇಲೆ ಮುಂಬಯಿಯ ಮಹೀಂದ್ರ ಸಂಸ್ಥೆ ವಿಲ್ಲಿಸ್ ಮಾದರಿಯ ಜೀಪುಗಳನ್ನು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿತು. ನಾಲ್ಕು ಸಿಲಿಂಡರುಗಳ, ಸುಮಾರು 2.2 ಲೀಟರು ಗಾತ್ರದ ಎಂಜಿನು. ನಾಲ್ಕು ಚಕ್ರಗಳಿಗೂ ಶಕ್ತಿಯನ್ನು ಕೊಡುವ ಏರ್ಪಾಡು. ಕೆಸರು, ಕಲ್ಲು, ಏರು ಯಾವುದಕ್ಕೂ ಅಂಜದ ಗಟ್ಟಿತನ. ಈ ಗುಣಗಳಿಂದ ಅದು ಮಲೆನಾಡಿನ ತೋಟಗಳಿಗೆ ಹೇಳಿ ಮಾಡಿಸಿದ ವಾಹನವಾಯಿತು. ಮುಂದೆ ಅನೇಕ ಜೀಪುಗಳಿಗೆ ಡೀಸೆಲ್ ಎಂಜಿನನ್ನು ಕೂರಿಸಿದರು. ಅವುಗಳಲ್ಲಿ ವಿದ್ಯುತ್ಕಿಡಿಯ ಪ್ರಮೇಯವಿಲ್ಲವಾದ್ದರಿಂದ ಅವುಗಳ ಮಾತನ್ನು ಇಲ್ಲಿ ಎತ್ತಿಕೊಂಡಿಲ್ಲ. ಇಂದಿನ ವಾಹನಗಳಲ್ಲಿ ದೋಷ ತಲೆದೋರಿದಾಗ ಅದನ್ನು ನೆನಪಿಟ್ಟುಕೊಳ್ಳುವ ಕಂಪ್ಯೂಟರು ಇರುತ್ತದೆ. ಹಳೆಯ ಜೀಪಿಗೆ ಅಂಥ ಸ್ಮರಣಶಕ್ತಿಯಿಲ್ಲ. ಅದರ ಪರವಾಗಿ ನೆನಪಿಟ್ಟುಕೊಳ್ಳುವ ಹೊಣೆ ಮನುಷ್ಯನದು.

ಎಂಜಿನಿನ ಎರಡು ಆಹಾರಗಳು

ಪೆಟ್ರೋಲು ಎಂಜಿನು ನಡೆಯಬೇಕಾದರೆ ಮೂರು ಸಂಗತಿಗಳು ಅಗತ್ಯ. ಗಾಳಿಯೂ ಪೆಟ್ರೋಲೂ ಹದವಾಗಿ ಬೆರೆತು ಸಿಲಿಂಡರಿಗೆ ಬರಬೇಕು. ಆ ಮಿಶ್ರಣ ಅಲ್ಲಿ ಸಂಪೀಡನಗೊಳ್ಳಬೇಕು. ತಕ್ಕ ಕ್ಷಣದಲ್ಲಿ ಕಿಡಿ ಹಾರಬೇಕು. ಇವುಗಳಲ್ಲಿ ಸಂಪೀಡನದ ದೋಷಗಳು ಸಾಮಾನ್ಯವಾಗಿ ಬಂದು ಹೋಗುವಂಥವಲ್ಲ. ಸವೆದ ರಿಂಗು ಅರ್ಧ ಗಂಟೆಯಲ್ಲಿ ಹೊಸದಾಗುವುದಿಲ್ಲವಷ್ಟೆ. ಆದುದರಿಂದ ನಮ್ಮ ಸಂದೇಹ ಕಿಡಿ ಮತ್ತು ಪೆಟ್ರೋಲು ಇವೆರಡರ ಮೇಲೆಯೇ ನಿಲ್ಲುತ್ತದೆ.

ಮೊದಲು ಕಿಡಿಯ ವಿಚಾರ. ಬ್ಯಾಟರಿಯ 6 ಅಥವಾ 12 ವೋಲ್ಟುಗಳಿಂದ ಕಿಡಿ ಹಾರಲಾರದು. ಕಾಯಿಲಿನ ದಪ್ಪ ತಂತಿಯ ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಥಟ್ಟನೆ ಕಡಿದಾಗ, ಸಾವಿರಾರು ಸುತ್ತುಗಳುಳ್ಳ ತೆಳು ತಂತಿಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಹುಟ್ಟುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಕಿಡಿಗಳು ಬೇಕು. ಈ ವ್ಯವಸ್ಥೆಗೆ ಉಷ್ಣವೇ ಶತ್ರು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ, ಕಾಯಿಲು 60 ಡಿಗ್ರಿ ಬಿಸಿಯಾದರೆ ಅದರ ರೋಧ ಸುಮಾರು ಕಾಲುಭಾಗ ಹೆಚ್ಚುತ್ತದೆ. ಇಷ್ಟನ್ನು ಒಳ್ಳೆಯ ಕಾಯಿಲು ತಾಳಿಕೊಳ್ಳುತ್ತದೆ. ಆದರೆ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟ ತಂತಿ ಬಿಸಿಯಲ್ಲಿ ಹಿಗ್ಗಿ ಸಂಪರ್ಕ ಕಳೆದುಕೊಂಡು, ತಣಿದಾಗ ಮತ್ತೆ ಕೂಡಿಕೊಳ್ಳಬಹುದು. ಕಂಡೆನ್ಸರಿನ ನಿರೋಧಕ ಪದರ ಬಿಸಿಯಲ್ಲಿ ಸೋರತೊಡಗಬಹುದು. ಎರಡೂ ಸಂದರ್ಭಗಳಲ್ಲಿ ಎಂಜಿನು ನಿಲ್ಲುತ್ತದೆ. ಎರಡೂ ಸಂದರ್ಭಗಳಲ್ಲಿ ತಣಿದ ಮೇಲೆ ಹೊರಡುತ್ತದೆ.

ಇನ್ನು ಪೆಟ್ರೋಲಿನ ವಿಚಾರ. ಜೀಪಿನ ಟ್ಯಾಂಕು ಚಾಲಕನ ಆಸನದ ಕೆಳಗಿದೆ. ಅಲ್ಲಿಂದ ಎಂಜಿನಿನ ಪಕ್ಕದ ಪಂಪು ಪೆಟ್ರೋಲನ್ನು ಹೀರಿ ಕಾರ್ಬ್ಯುರೇಟರಿಗೆ ಒಪ್ಪಿಸುತ್ತದೆ. ಹೀರುವುದೆಂದರೆ ಪಂಪು ಒಳಗಿನ ಒತ್ತಡವನ್ನು ತಗ್ಗಿಸುವುದು; ಪೆಟ್ರೋಲನ್ನು ಮೇಲಕ್ಕೆ ದೂಡುವುದು ಟ್ಯಾಂಕಿನೊಳಗಿನ ಗಾಳಿಯ ಒತ್ತಡವೇ. ಪೆಟ್ರೋಲು ಹಲವು ದ್ರವಗಳ ಮಿಶ್ರಣ. ಅದರ ಹಗುರ ಭಾಗಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯಲಾರಂಭಿಸುತ್ತವೆ. ಕಾದ ಎಂಜಿನಿನ ಮಗ್ಗುಲಲ್ಲಿರುವ ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬಿಕೊಂಡರೆ ಪಂಪು ದ್ರವವನ್ನು ದೂಡುವ ಬದಲು ಗುಳ್ಳೆಗಳನ್ನೇ ಹಿಚುಕುತ್ತ ಕೂರುತ್ತದೆ. ಸಾವಿರ ಮೀಟರು ಎತ್ತರದಲ್ಲಿ ವಾಯುಮಂಡಲದ ಒತ್ತಡ ಕಡಲತೀರದಲ್ಲಿರುವುದಕ್ಕಿಂತ ಸುಮಾರು ಶೇಕಡಾ 11 ಕಡಿಮೆ. ಅಲ್ಲಿ ದ್ರವಗಳು ಇನ್ನೂ ಬೇಗ ಕುದಿಯುತ್ತವೆ. ಬೇಸಿಗೆಯ ಮಧ್ಯಾಹ್ನ ಘಟ್ಟ ಹತ್ತುವ ಜೀಪು ಮೇಲೆ ಬಂದು ನಿಲ್ಲುವುದಕ್ಕೆ ಇದೊಂದು ನಿಜವಾದ ಕಾರಣ.

ಒದ್ದೆ ಬಟ್ಟೆಯ ಮಹಿಮೆ

ಅನುಭವಶಾಲಿಗಳಾದ ಚಾಲಕರು ಇದಕ್ಕೊಂದು ಮದ್ದು ಬಲ್ಲರು. ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಸ್ವಲ್ಪ ಹೊತ್ತು ಕಾಯುತ್ತಾರೆ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಪಂಪು ತಣಿಯುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದೂ ಇದೇ ತತ್ತ್ವದಿಂದ. ಜೀಪು ಹೊರಡುತ್ತದೆ. ‘ನೋಡಿದಿರಾ, ಪಂಪೇ ಬಿಸಿಯಾಗಿತ್ತು’ ಎಂಬ ತೀರ್ಮಾನವೂ ಹೊರಡುತ್ತದೆ.

ಈ ತೀರ್ಮಾನ ಸರಿಯೇ? ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯೇ ಹಣ್ಣನ್ನು ಕೆಡವಿತೆಂದು ಹೇಳಲಾದೀತೆ? ನಮ್ಮ ಹಿರಿಯರು ಇದನ್ನು ಕಾಕತಾಳೀಯವೆಂದು ಕರೆದರು. ಬಟ್ಟೆ ಹಾಕಿದಾಗ ಎರಡು ಕಾರ್ಯಗಳು ಒಟ್ಟಿಗೆ ನಡೆದಿವೆ: ಪಂಪು ತಣಿದಿದೆ, ಕಾಲವೂ ಕಳೆದಿದೆ. ಆ ಕಾಲದಲ್ಲಿ ಕಾಯಿಲೂ ತಣಿದಿರಬಹುದು, ಇನ್ನೇನೋ ಆಗಿರಬಹುದು. ಬಟ್ಟೆಯಿಲ್ಲದೆ ಅಷ್ಟೇ ಹೊತ್ತು ಕಾದು ನೋಡದ ಹೊರತು ಕೀರ್ತಿ ಬಟ್ಟೆಗೋ ಕಾಲಕ್ಕೋ ಎಂದು ಹೇಳಲಾಗದು.

ತೋಟದ ಜೀಪೊಂದರ ಕಥೆ

ಮೂಡಿಗೆರೆಯ ಕಡೆಯ ಕಾಫಿ ತೋಟವೊಂದರ ಜೀಪಿಗೆ ಈ ರೋಗ ಹತ್ತಿತ್ತು. ಮಳೆಗಾಲದಲ್ಲಿ ಕೂಲಿಗಾರರ ಮನೆಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಲು ಅದೊಂದೇ ಆಧಾರ. ಅದು ತಿರುವುಗಳ ನಡುವೆ ನಿಂತುಬಿಡುತ್ತಿತ್ತು. ಪ್ಲಗ್ಗುಗಳನ್ನು ಬದಲಾಯಿಸಿದರು, ಕಾಯಿಲನ್ನು ಬದಲಾಯಿಸಿದರು, ಪಂಪನ್ನೂ ಬದಲಾಯಿಸಿದರು. ಪ್ರತಿ ಸಲವೂ ಕೆಲವು ದಿನ ಓಡಿ ಮತ್ತೆ ನಿಂತಿತು. ಕಡೆಗೆ ಇಬ್ಬರ ಮೇಲೆ ಗೂಬೆ ಕೂತಿತು. ಚಾಲಕನಿಗೆ ಗಾಡಿ ನಡೆಸಲು ಬಾರದೆಂದರು. ಪೇಟೆಯ ಬಂಕಿನಲ್ಲಿ ಪೆಟ್ರೋಲು ತುಂಬಿಸಿದ ದಿನವೇ ಹೆಚ್ಚಾಗಿ ನಿಲ್ಲುತ್ತದೆಂಬುದನ್ನು ಗಮನಿಸಿ, ಬಂಕಿನವನು ಕಲಬೆರಕೆ ಮಾಡುತ್ತಾನೆಂದು ದೂರು ಕೊಡಲೂ ಸಿದ್ಧರಾದರು.

ಆ ಮನೆಯ ಹುಡುಗ ನಮ್ಮ ಕಾಲೇಜಿನ ವಿದ್ಯಾರ್ಥಿ. ದೂರು ಬರೆಯುವ ಮೊದಲು ಒಂದು ನೋಟುಪುಸ್ತಕ ಬರೆಯಬೇಕೆಂದು ಅವನಿಗೆ ಹೇಳಲಾಯಿತು. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ತುಂಬಿಸಿದ ಮೇಲೆ ಎಷ್ಟು ದೂರ ಓಡಿತು, ಬಿಸಿಲೋ ಮಳೆಯೋ, ಹೇಗೆ ನಿಂತಿತು, ಹೇಗೆ ಹೊರಟಿತು: ಇಷ್ಟನ್ನು ನಿಂತ ದಿನವೂ ನಿಲ್ಲದ ದಿನವೂ ಗುರುತು ಹಾಕಬೇಕು. ಆರು ವಾರಗಳಲ್ಲಿ ಮೂರು ಸಂಗತಿಗಳು ಎದ್ದು ಕಂಡುವು. ಜಡಿಮಳೆಯ ತಣ್ಣನೆಯ ಮುಂಜಾನೆಯೂ ಜೀಪು ನಿಂತಿತ್ತು. ಆದುದರಿಂದ ಉಷ್ಣದ ಮೇಲಿನ ಸಂದೇಹ ಸಡಿಲವಾಯಿತು. ಸ್ವಿಚ್ಚು ತೆಗೆದಂತೆ ಥಟ್ಟನೆ ನಿಲ್ಲದೆ, ಕೆಮ್ಮಿ ಏದುಸಿರು ಬಿಟ್ಟು ನಿಂತಿತ್ತು. ಆದುದರಿಂದ ಸಂದೇಹ ಕಿಡಿಯಿಂದ ಪೆಟ್ರೋಲಿನ ಕಡೆಗೆ ಸರಿಯಿತು. ಟ್ಯಾಂಕು ಅರ್ಧಕ್ಕಿಂತ ಕಡಿಮೆ ಇದ್ದಾಗ ಒಮ್ಮೆಯೂ ನಿಂತಿರಲಿಲ್ಲ.

ಕೊನೆಯ ಸಂಗತಿ ವಿಚಿತ್ರವಾದುದು. ಪೆಟ್ರೋಲು ಹೆಚ್ಚಾಗಿದ್ದಾಗಲೇ ಎಂಜಿನಿಗೆ ಪೆಟ್ರೋಲು ದೊರೆಯುತ್ತಿಲ್ಲ! ಹುಡುಗ ಎರಡು ಪ್ರಯೋಗ ಮಾಡಿದ. ಅದೇ ಬಂಕಿನಲ್ಲಿ ಅರ್ಧ ಟ್ಯಾಂಕು ಮಾತ್ರ ತುಂಬಿಸಿದ, ಜೀಪು ನಿಲ್ಲಲಿಲ್ಲ. ಬೇರೊಂದು ಬಂಕಿನಲ್ಲಿ ಕಂಠಮಟ್ಟ ತುಂಬಿಸಿದ. ಹತ್ತು ಕಿಲೋಮೀಟರಿನೊಳಗೆ ನಿಂತಿತು. ಬಂಕಿನವನು ನಿರಪರಾಧಿ. ದೋಷ ಪೆಟ್ರೋಲಿನ ಗುಣದಲ್ಲಿಲ್ಲ, ಅದರ ಮಟ್ಟದಲ್ಲಿದೆ.

ಬಾಯಿಲನ ನಿಯಮವನ್ನು ಬಲ್ಲ ವಿದ್ಯಾರ್ಥಿಗೆ ಇಲ್ಲಿಂದ ಮುಂದಿನ ಹೆಜ್ಜೆ ಕಷ್ಟವಲ್ಲ. ಟ್ಯಾಂಕು ಸುಮಾರು 40 ಲೀಟರಿನದು. ಅಂಚಿನವರೆಗೆ ತುಂಬಿಸಿದಾಗ ಮೇಲೆ 2 ಲೀಟರು ಗಾಳಿ ಉಳಿದಿದೆ ಎಂದುಕೊಳ್ಳೋಣ. ಹೊರಗಿನ ಗಾಳಿ ಒಳಗೆ ಬರಲು ದಾರಿಯಿಲ್ಲದಿದ್ದರೆ, 1 ಲೀಟರು ಪೆಟ್ರೋಲು ಖರ್ಚಾದಾಗ ಆ 2 ಲೀಟರು ಗಾಳಿ 3 ಲೀಟರು ಜಾಗಕ್ಕೆ ಹಿಗ್ಗಬೇಕು. ಅದರ ಒತ್ತಡ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಲೀಟರಿಗೆ 8 ಕಿಲೋಮೀಟರು ಓಡುವ ಜೀಪಿನಲ್ಲಿ ಇದು 8 ಕಿಲೋಮೀಟರಿನ ಮಾತು. ಟ್ಯಾಂಕು ಅರ್ಧವಿದ್ದರೆ ಗಾಳಿಯ ಜಾಗ 20 ಲೀಟರು. ಒತ್ತಡ ಅಷ್ಟೇ ಇಳಿಯಬೇಕಾದರೆ 10 ಲೀಟರು ಉರಿಯಬೇಕು, ಅಂದರೆ 80 ಕಿಲೋಮೀಟರು ಓಡಬೇಕು. ಪೆಟ್ರೋಲಿನ ಆವಿಯ ಒತ್ತಡವೂ ಸೇರಿರುವುದರಿಂದ ಈ ಅಂಕಿಗಳು ಸ್ಥೂಲವಾದುವು. ಆದರೂ ಅವು ತೋರಿಸುವ ದಿಕ್ಕಿನಲ್ಲಿ ಸಂದೇಹವಿಲ್ಲ. ಟ್ಯಾಂಕಿನೊಳಗೆ ಒತ್ತಡ ಕುಸಿದಂತೆಲ್ಲ ಪೆಟ್ರೋಲನ್ನು ಪಂಪಿನ ಕಡೆಗೆ ದೂಡುವ ಶಕ್ತಿಯೇ ಕುಗ್ಗುತ್ತದೆ.

ಮುಂದಿನ ಸಲ ಜೀಪು ನಿಂತಾಗ ಯಾರೂ ಬಟ್ಟೆ ಹಾಕಲಿಲ್ಲ. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದರು. ಸುಯ್ಯೆಂದು ಗಾಳಿ ಒಳನುಗ್ಗಿತು. ಕೆಲವೇ ಕ್ಷಣಗಳಲ್ಲಿ ಎಂಜಿನು ಹೊರಟಿತು. ಮೂಲ ಮುಚ್ಚಳ ಕಳೆದುಹೋಗಿ, ಗಾಳಿಯ ರಂಧ್ರವಿಲ್ಲದ ಬೇರೊಂದು ಮುಚ್ಚಳವನ್ನು ಹಾಕಿದ್ದರೆಂಬುದು ಆಮೇಲೆ ತಿಳಿಯಿತು. ಹಿಂದೆ ಬಟ್ಟೆ ಹಾಕಿ ಕಾಯುತ್ತಿದ್ದ ಅರ್ಧ ಗಂಟೆಯಲ್ಲಿ ಮುಚ್ಚಳದ ಅಂಚಿನಿಂದ ಗಾಳಿ ಮೆಲ್ಲಮೆಲ್ಲನೆ ನುಸುಳಿ ಒತ್ತಡವನ್ನು ಸರಿಪಡಿಸುತ್ತಿತ್ತು. ಬಟ್ಟೆ ಅಲ್ಲಿ ಬರಿಯ ಕಾಗೆ. ಕಾಯಿಲು, ಪ್ಲಗ್ಗು, ಪಂಪುಗಳಿಗೆ ಸುರಿದ ಹಣದ ಒಂದು ಸಣ್ಣ ಪಾಲಿಗೆ ಸರಿಯಾದ ಮುಚ್ಚಳ ಬಂತು; ಚಾಲಕನ ಮೇಲಿನ ಅಪವಾದವೂ ಕಳೆಯಿತು.

ನಿಂತಾಗ ಮಾಡಬೇಕಾದುದು

ಎಲ್ಲ ಜೀಪುಗಳ ರೋಗವೂ ಮುಚ್ಚಳದಲ್ಲಿರುವುದಿಲ್ಲ. ಆದರೆ ಎಲ್ಲಕ್ಕೂ ಹೊಂದುವ ಕ್ರಮವೊಂದುಂಟು. ಬಂದು ಹೋಗುವ ದೋಷವನ್ನು ಅದು ಬಂದಿರುವಾಗಲೇ ಹಿಡಿಯಬೇಕು. ಜೀಪು ನಿಂತೊಡನೆ ಮೊದಲು ಅದನ್ನು ರಸ್ತೆಯ ಅಂಚಿಗೆ ತಂದು, ಹ್ಯಾಂಡ್ ಬ್ರೇಕು ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಬಳಿಕ ಮುಚ್ಚಳವನ್ನು ಸಡಿಲಿಸಿ ಗಾಳಿಯ ಸದ್ದಿಗೆ ಕಿವಿಗೊಡಬೇಕು. ಆಮೇಲೆ ಎಂಜಿನನ್ನು ನಿಲ್ಲಿಸಿಯೇ ಕಾರ್ಬ್ಯುರೇಟರಿನ ಬಾಯನ್ನು ನೋಡುತ್ತ ಆಕ್ಸಿಲರೇಟರನ್ನು ಅದುಮಿಸಬೇಕು; ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಿದರೆ ಅದರ ಬಟ್ಟಲಿನಲ್ಲಿ ಪೆಟ್ರೋಲುಂಟು. ಧಾರೆಯಿಲ್ಲದಿದ್ದರೆ ಟ್ಯಾಂಕು, ಕೊಳವೆ, ಪಂಪುಗಳ ಕಡೆ ನೋಡಬೇಕು. ಧಾರೆಯಿದ್ದರೆ, ಎಲ್ಲಿಯೂ ಪೆಟ್ರೋಲು ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮಾತ್ರ, ಅನುಭವಸ್ಥರಿಂದ ಕಿಡಿಯನ್ನು ಪರೀಕ್ಷಿಸಿಸಬೇಕು. ಆಗಲೂ ಒಂದು ಎಚ್ಚರಿಕೆ ಬೇಕು: ಬಯಲಿನಲ್ಲಿ ಹಾರುವ ದುರ್ಬಲ ಕಿಡಿ ಸಿಲಿಂಡರಿನೊಳಗಿನ ಒತ್ತಿದ ಗಾಳಿಯಲ್ಲಿ ಹಾರದಿರಬಹುದು. ಕಿಡಿ ನೀಲಿಯಾಗಿ, ಚಟಪಟ ಸದ್ದಿನೊಡನೆ ಇರಬೇಕು.

ಇನ್ನೊಂದು ಮಾತು. ಇಂದು ನಮ್ಮಲ್ಲಿ ಮಾರುವ ಪೆಟ್ರೋಲಿಗೆ ಶೇಕಡಾ 20ರ ವರೆಗೆ ಎಥನಾಲ್ ಬೆರೆಸುತ್ತಾರೆ. ಹಳೆಯ ಜೀಪುಗಳ ರಬ್ಬರು ಕೊಳವೆಗಳೂ ಪಂಪಿನ ಪೊರೆಯೂ ಇದಕ್ಕಾಗಿ ಮಾಡಿದುವಲ್ಲ. ಅವು ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸಬೇಕು. ಮುಚ್ಚಳಕ್ಕೆ ಮನೆಯಲ್ಲಿಯೇ ತೂತು ಕೊರೆಯುವ ಸಾಹಸವೂ ಸಲ್ಲದು. ಜೀಪು ವಾಲಿದಾಗ ಪೆಟ್ರೋಲು ಚೆಲ್ಲಿ ಬೆಂಕಿಗೆ ಅವಕಾಶವಾದೀತು.

ಓದುಗರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಕಾಡುವ ಯಂತ್ರವಿದ್ದರೆ, ಅದು ಜೀಪಾಗಲಿ, ನೀರೆತ್ತುವ ಪಂಪಾಗಲಿ, ಹೊಸ ಭಾಗವನ್ನು ಕೊಳ್ಳುವ ಮೊದಲು ನಾಲ್ಕು ಗೆರೆ ಎಳೆದ ನೋಟುಪುಸ್ತಕವೊಂದನ್ನು ಅದರ ಪಕ್ಕದಲ್ಲಿಡಲಿ. ಕೆಟ್ಟ ದಿನಗಳನ್ನಷ್ಟೇ ಅಲ್ಲದೆ ಚೆನ್ನಾಗಿ ನಡೆದ ದಿನಗಳನ್ನೂ ಅದರಲ್ಲಿ ಬರೆಯಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲವನ್ನು ಕಂಡ ಬಳಿಕ ಇನ್ನೊಂದಕ್ಕೆ ಕೈಹಾಕಲಿ.